10⁻⁷ ಪ್ಲೇಟ್‌ನಲ್ಲೂ 31 ಕಾಲನಿ! ಎಲ್ಲಿ ಎಡವಿದ್ದು? (ಜೊತೆಗೆ ಪಿಸಿಆರ್, ಪರೀಕ್ಷೆ, ಲ್ಯಾಬ್ ಸೇರುವ ಪ್ರಶ್ನೆಗಳು)

ಅಗರ್‌ತಟ್ಟೆ:

ಬಯೋಮೆಡಿಕಲ್ ಸೈನ್ಸ್ ಮೊದಲ ವರ್ಷ, ದೊಡ್ಡ ಸಾರ್ವಜನಿಕ ವಿಶ್ವವಿದ್ಯಾಲಯ. ಲೆಕ್ಚರ್‌ಗೆ 300 ಜನ, ಲ್ಯಾಬ್‌ಗೆ 24 ಜನರ ಬ್ಯಾಚು, ನೋಡಿಕೊಳ್ಳಲು ಒಬ್ಬರೇ ಟಿಎ (ಬೋಧನಾ ಸಹಾಯಕರು). ಅನುಮಾನ ಬಂದ ಹೊತ್ತಿಗೆ ಕೇಳಲು ಸರದಿ ಸಿಗುವುದಿಲ್ಲ, ಹಾಗಾಗಿ ಇಲ್ಲಿ ಕೇಳುತ್ತಿದ್ದೇನೆ.

1) ಇ. ಕೋಲೈ ಬ್ಯಾಕ್ಟೀರಿಯಾ ಎಣಿಕೆ. ಸಲೈನ್ (ಉಪ್ಪುನೀರು) 900 ಮೈಕ್ರೋಲೀಟರ್ ಇರುವ ಏಳು ಟ್ಯೂಬ್, ಒಂದರಿಂದ ಇನ್ನೊಂದಕ್ಕೆ 100 ಮೈಕ್ರೋಲೀಟರ್. ಪ್ರತಿ ಟ್ಯೂಬಲ್ಲೂ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿದ ದ್ರವ) ಹತ್ತು ಪಟ್ಟು ತೆಳು, ಏಳನೆಯದು 10⁻⁷. ಕೊನೆಯ ಮೂರು ಟ್ಯೂಬ್‌ಗಳಿಂದ ತಲಾ 100 ಮೈಕ್ರೋಲೀಟರ್ ಪ್ಲೇಟ್ ಮಾಡಿದ್ದು (ಅಗರ್ ತಟ್ಟೆಯ ಮೇಲೆ ಹರಡಿದ್ದು). ಬಂದ ಕಾಲನಿಗಳು (ಒಂದೊಂದು ಕೋಶದಿಂದ ಬೆಳೆದ ಚುಕ್ಕೆಗಳು): 10⁻⁵ ರಲ್ಲಿ 212, 10⁻⁶ ರಲ್ಲಿ 58, 10⁻⁷ ರಲ್ಲಿ 31. ಮೂರನ್ನೂ ಲೆಕ್ಕ ಹಾಕಿ ಸರಾಸರಿ ತೆಗೆದು ಎಂಎಲ್‌ಗೆ 1.3 × 10⁹ ಅಂತ ಬರೆದೆ. ಟಿಎ ಕೆಂಪು ಶಾಯಿಯಲ್ಲಿ "ಸರಾಸರಿ ಏಕೆ?" ಅಂತಷ್ಟೇ ಬರೆದು 10ಕ್ಕೆ 4 ಕೊಟ್ಟಿದ್ದಾರೆ. ಶುರುವಿನ ಕಲ್ಚರ್‌ನ ಓಡಿ (ಬೆಳಕು ಹಾಯಿಸಿ ಅಳೆಯುವ ಮಬ್ಬು) 600 ನ್ಯಾನೋಮೀಟರ್‌ನಲ್ಲಿ 0.25 ಇತ್ತು.

2) ಪಿಸಿಆರ್‌ನಲ್ಲಿ (ಡಿಎನ್ಎ ತುಣುಕನ್ನು ನಕಲು ಮಾಡಿ ಹೆಚ್ಚಿಸುವ ವಿಧಾನ) ಡಿಎನ್ಎ ಹಾಕದ ಟ್ಯೂಬಿನ ಜೆಲ್ ಲೇನ್‌ನಲ್ಲೂ ಮಬ್ಬಾದ ಬ್ಯಾಂಡ್ ಬಂದಿದೆ. ನಿರೀಕ್ಷೆ 500 ಬೇಸ್ ಜೋಡಿ.

3) ನೋಟ್ಸ್ ಮೂರು ಸಲ ಓದಿದರೂ ಬಹು ಆಯ್ಕೆಯ ಪ್ರಶ್ನೆಗಳಲ್ಲಿ ಅಂಕ ಹೋಗುತ್ತಿದೆ. ಓದಿದ್ದು ನೆನಪಿರುತ್ತದೆ, ಪ್ರಶ್ನೆ ಮಾತ್ರ ಬೇರೆಯೇ ಏನೋ ಕೇಳುತ್ತದೆ.

4) ಸಂಶೋಧನಾ ಲ್ಯಾಬ್ ಸೇರಲು ಪ್ರೊಫೆಸರ್‌ಗೆ ಏನಂತ ಬರೆಯಬೇಕು?

ನೀಲಿಟಿಪ್:

ಮೊದಲನೆಯದನ್ನು ನೋಡೋಣ. ಪ್ರತಿ ಹೆಜ್ಜೆಗೂ ಎಣಿಕೆ ಹತ್ತರಲ್ಲಿ ಒಂದಕ್ಕೆ ಇಳಿಯಬೇಕು. 212 ಆದಮೇಲೆ ಸುಮಾರು 21, ಆಮೇಲೆ 2. ನಿಮ್ಮಲ್ಲಿ 212ರಿಂದ 58, 58ರಿಂದ 31. ಮೂರನ್ನೂ ಬಿಡಿಬಿಡಿಯಾಗಿ ಲೆಕ್ಕ ಹಾಕಿ ನೋಡಿ:

212 ÷ (0.1 × 10⁻⁵) = 2.12 × 10⁸
58 ÷ (0.1 × 10⁻⁶) = 5.8 × 10⁸
31 ÷ (0.1 × 10⁻⁷) = 3.1 × 10⁹

ಒಂದೇ ಕಲ್ಚರ್‌ಗೆ ಮೂರು ಉತ್ತರ, ಚಿಕ್ಕದಕ್ಕೂ ದೊಡ್ಡದಕ್ಕೂ ಹತ್ತಿರತ್ತಿರ 15 ಪಟ್ಟು ಅಂತರ. ಒಂದಕ್ಕೊಂದು ಹೊಂದದ ಅಂಕಿಗಳ ಸರಾಸರಿಗೆ ಅರ್ಥವಿಲ್ಲ. ಟಿಎ ಕೇಳಿದ್ದು ಅದನ್ನೇ. 30ರಿಂದ 300ರ ಒಳಗಿನ ಪ್ಲೇಟ್ ಎಣಿಸಬಹುದು ಅಂತ ಕೈಪಿಡಿಯಲ್ಲಿರುತ್ತದೆ, ನಿಮ್ಮ ಮೂರೂ ಆ ಮಿತಿಯೊಳಗೇ ಬಿದ್ದಿರುವುದೇ ಮೊದಲ ಅಪಶಕುನ. ಹತ್ತು ಪಟ್ಟು ಡೈಲ್ಯೂಷನ್‌ನಲ್ಲಿ ಸಾಲಾಗಿ ಮೂರು ಪ್ಲೇಟ್ ಆ ಮಿತಿಯೊಳಗೆ ಬರುವುದು ಸಾಧ್ಯವೇ ಇಲ್ಲ, ಏಕೆಂದರೆ ಮೊದಲನೆಯದಕ್ಕೂ ಮೂರನೆಯದಕ್ಕೂ 100 ಪಟ್ಟು ವ್ಯತ್ಯಾಸ ಇರಬೇಕು.

ಕಾರಣ ಬಹುಪಾಲು ಟಿಪ್ (ಪಿಪೆಟ್‌ಗೆ ಸಿಕ್ಕಿಸುವ ಪ್ಲಾಸ್ಟಿಕ್ ತುದಿ). ಏಳೂ ಟ್ಯೂಬಿಗೆ ಒಂದೇ ಟಿಪ್ ಬಳಸಿದರೆ ಅದರ ಹೊರಮೈಗೆ ಅಂಟಿದ ದಟ್ಟ ಕಲ್ಚರ್ ಮುಂದಿನ ಟ್ಯೂಬ್‌ಗಳಿಗೆ ಸೇರುತ್ತಾ ಹೋಗುತ್ತದೆ. ಮೂಲ ಕಲ್ಚರ್‌ನ ಒಂದೇ ಮೈಕ್ರೋಲೀಟರ್‌ನಲ್ಲಿ ಸುಮಾರು ಎರಡು ಲಕ್ಷ ಕೋಶ ಇರುತ್ತವೆ. ಕಣ್ಣಿಗೆ ಕಾಣದಷ್ಟು ತೇವ ಸಾಕು ಕೊನೆಯ ಟ್ಯೂಬ್ ಕೆಡಿಸಲು.

ಕೈಯಲ್ಲಿ ಸರಿಪಡಿಸಿಕೊಳ್ಳಬೇಕಾದ್ದು ಇಷ್ಟು. ಪ್ರತಿ ಹೆಜ್ಜೆಗೂ ಹೊಸ ಟಿಪ್. ಗುಂಡಿಯನ್ನು ಮೊದಲ ತಡೆಯವರೆಗೆ ಒತ್ತಿಕೊಂಡೇ ದ್ರವಕ್ಕೆ ಇಳಿಸಿ, ಎರಡನೆಯ ತಡೆಯವರೆಗೆ ಒತ್ತಿ ಎಳೆದರೆ ಅಳತೆಗಿಂತ ಹೆಚ್ಚು ಬರುತ್ತದೆ. ಟಿಪ್ 2-3 ಮಿಲಿಮೀಟರ್ ಮುಳುಗಿದರೆ ಸಾಕು, ಪಿಪೆಟ್ ನೆಟ್ಟಗಿರಲಿ. ಗುಂಡಿಯನ್ನು ನಿಧಾನ ಬಿಡಿ, ಒಂದು ಸೆಕೆಂಡ್ ಕಾಯಿರಿ, ತುದಿಯನ್ನು ಟ್ಯೂಬಿನ ಒಳಗೋಡೆಗೆ ತಾಗಿಸಿ ಹೊರತೆಗೆಯಿರಿ. ಟ್ಯೂಬನ್ನು 5 ಸೆಕೆಂಡ್ ವೋರ್ಟೆಕ್ಸ್ ಮಾಡದೆ (ಯಂತ್ರದ ಮೇಲಿಟ್ಟು ಕಲಕದೆ) ಮುಂದಕ್ಕೆ ಹೋಗಬೇಡಿ. 100 ಮೈಕ್ರೋಲೀಟರ್ ಅಳೆಯಲು 1000ದ ಪಿಪೆಟ್ ಹಿಡಿಯಬೇಡಿ. ಅದು ಅದರ ವ್ಯಾಪ್ತಿಯ ತಳ, ದೋಷ ಹೆಚ್ಚು. 200ರದ್ದು ತೆಗೆದುಕೊಳ್ಳಿ. ಪಿಪೆಟ್ ಮೇಲೇ ಅನುಮಾನವಿದ್ದರೆ ತಕ್ಕಡಿಯ ಮೇಲೆ ನೀರು ಹಾಕಿ ತೂಗಿ: ಕೋಣೆಯ ತಾಪಮಾನದಲ್ಲಿ 1000 ಮೈಕ್ರೋಲೀಟರ್ ಅಂದರೆ 0.998 ಗ್ರಾಂ ಆಸುಪಾಸು.

ಶೂನ್ಯಪ್ಲೇಟ್:

ನೀಲಿಟಿಪ್ ಹೇಳಿದ ಕೈಚಳಕವೆಲ್ಲ ಸರಿ. ಆದರೆ ಟಿಪ್ಪೇ ಅಪರಾಧಿ ಅಂತ ತೀರ್ಮಾನಿಸುವ ಮುಂಚೆ ಅಂಕಿಗಳನ್ನು ಇನ್ನೊಮ್ಮೆ ನೋಡಿ. 10⁻⁶ ರಲ್ಲಿ ಸುಮಾರು 37 ಹೆಚ್ಚುವರಿ (58ರಲ್ಲಿ 21 ಕಳೆದರೆ), 10⁻⁷ ರಲ್ಲಿ 29 ಹೆಚ್ಚುವರಿ (31ರಲ್ಲಿ 2 ಕಳೆದರೆ). ಎರಡು ಪ್ಲೇಟಲ್ಲೂ ಹೆಚ್ಚು ಬಂದಿರುವುದು ಬಹುತೇಕ ಒಂದೇ ಮೊತ್ತ. ಟಿಪ್‌ಗೆ ಅಂಟಿದ್ದು ಟ್ಯೂಬಿನಿಂದ ಟ್ಯೂಬಿಗೆ ತೊಳೆದುಕೊಂಡು ಹೋಗುತ್ತದೆ, ಅದು ಕಡಿಮೆಯಾಗುತ್ತಾ ಬರಬೇಕು. ಎಲ್ಲ ಟ್ಯೂಬಿಗೂ ಸಮನಾಗಿ ಸೇರುವ ವಸ್ತು ಒಂದೇ: ಸಲೈನ್.

ಪ್ರತಿ 100 ಮೈಕ್ರೋಲೀಟರ್ ಸಲೈನ್‌ನಲ್ಲಿ 33 ಬ್ಯಾಕ್ಟೀರಿಯಾ ಇವೆ ಅಂತ ಊಹಿಸಿ ನೋಡೋಣ. ಆಗ 10⁻⁵ ಪ್ಲೇಟ್‌ನಲ್ಲಿ ನಿಜವಾದದ್ದು 212 − 33 = 179. ಮುಂದಿನದರಲ್ಲಿ 18 + 33 = 51, ಅದರ ಮುಂದಿನದರಲ್ಲಿ 2 + 33 = 35. ನಿಮಗೆ ಬಂದದ್ದು 58 ಮತ್ತು 31. ಕಾಲನಿ ಎಣಿಕೆಯಲ್ಲಿ ಸಹಜ ಏರಿಳಿತ ಎಣಿಕೆಯ ವರ್ಗಮೂಲದಷ್ಟಿರುತ್ತದೆ: 51ಕ್ಕೆ ಸುಮಾರು 7, 35ಕ್ಕೆ ಸುಮಾರು 6. ಎರಡೂ ಆ ಅಂತರದೊಳಗೇ ಇವೆ.

ಇನ್ನೊಂದು ಸಾಕ್ಷಿ ನೀವೇ ಕೊಟ್ಟಿದ್ದೀರಿ. ಇ. ಕೋಲೈಗೆ ಓಡಿ 1.0 ಅಂದರೆ ಎಂಎಲ್‌ಗೆ ಸುಮಾರು 8 × 10⁸ ಕೋಶ ಅನ್ನುವುದು ರೂಢಿಯ ಲೆಕ್ಕ (ಉಪಕರಣದಿಂದ ಉಪಕರಣಕ್ಕೆ ಬದಲಾಗುತ್ತದೆ, ಅದು ಬೇರೆ ಮಾತು). 0.25ಕ್ಕೆ 2 × 10⁸. ಸಲೈನ್‌ನ 33 ಕಳೆದ ಮೇಲೆ ಬರುವ 1.8 × 10⁸ ಇದಕ್ಕೆ ಹತ್ತಿರ. ನೀವು ಬರೆದ 1.3 × 10⁹ ಆರು ಪಟ್ಟಿಗಿಂತ ಹೆಚ್ಚು.

ಇದೆಲ್ಲ ಊಹೆಯಷ್ಟೇ. ತೀರ್ಪು ಕೊಡುವುದು ಬರೀ ಸಲೈನ್ 100 ಮೈಕ್ರೋಲೀಟರ್ ಹರಡಿದ ಒಂದು ಪ್ಲೇಟ್. ಅದರಲ್ಲಿ ಮೂವತ್ತರ ಹತ್ತಿರ ಕಾಲನಿ ಬಂದರೆ ಸಲೈನ್ ತಪ್ಪು, ಏನೂ ಬರದಿದ್ದರೆ ಟಿಪ್ ಕಡೆಗೆ ತಿರುಗಿ. ಆ ಪ್ಲೇಟ್ ಮಾಡಿದ್ದಿರಾ? ಮಾಡಿಲ್ಲವಾದರೆ ಪಕ್ಕದ ಗುಂಪಿನವರ 10⁻⁷ ಪ್ಲೇಟ್ ಕೇಳಿ ನೋಡಿ. ಸಲೈನ್ ಬಾಟಲಿ ಎಲ್ಲರಿಗೂ ಒಂದೇ ಆಗಿದ್ದರೆ ಅವರಲ್ಲೂ ಅಷ್ಟೇ ಇರಬೇಕು.

ಅಗರ್‌ತಟ್ಟೆ:

ಸಲೈನ್ ಪ್ಲೇಟ್ ಮಾಡಿರಲಿಲ್ಲ. ಟಿಪ್ ಪ್ರತಿ ಸಲವೂ ಬದಲಿಸಿದ್ದೆವು, ಅದಂತೂ ಖಚಿತ. ಬಾಟಲಿ ನಾಲ್ಕು ಗುಂಪಿಗೆ ಒಂದೇ. ಪಕ್ಕದ ಎರಡು ಗುಂಪಿನ 10⁻⁷ ಎಣಿಕೆ ಈಗ ಕೇಳಿದೆ: 27 ಮತ್ತು 36. ಅವರ ಕಲ್ಚರ್ ನಮ್ಮದಕ್ಕಿಂತ ಬೇರೆ. ಕಾಲನಿಗಳು ನೋಡಲು ಎಲ್ಲ ಒಂದೇ ಥರ ಇವೆ.

ಶೂನ್ಯಪ್ಲೇಟ್:

ಬೇರೆ ಬೇರೆ ಕಲ್ಚರ್, ಆದರೂ ಒಂದೇ ಎಣಿಕೆ. ಇನ್ನೇನು ಬೇಕು! ಕಾಲನಿ ಒಂದೇ ಥರ ಇರುವುದರಿಂದ ಹೊರಗಿನ ಧೂಳಿನ ಬ್ಯಾಕ್ಟೀರಿಯಾ ಅಲ್ಲ. ಯಾರೋ ಕಲ್ಚರ್ ಮುಟ್ಟಿದ ಟಿಪ್ಪನ್ನೇ ಬಾಟಲಿಗೆ ಅದ್ದಿದ ಸಾಧ್ಯತೆ ಹೆಚ್ಚು. ಹಂಚಿಕೊಂಡ ಬಾಟಲಿಗಳಲ್ಲಿ ಇದು ತೀರಾ ಸಾಮಾನ್ಯ. ಶುರುವಿನಲ್ಲೇ 10 ಎಂಎಲ್ ಬೇರೆ ಟ್ಯೂಬಿಗೆ ಸುರಿದುಕೊಳ್ಳಿ, ಬಾಟಲಿಗೆ ಪಿಪೆಟ್ ಇಳಿಸಲೇಬೇಡಿ.

ರಿಪೋರ್ಟ್ ತಿದ್ದಲು ಅವಕಾಶ ಇದ್ದರೆ ಚರ್ಚೆಯ ಭಾಗದಲ್ಲಿ "ಹ್ಯೂಮನ್ ಎರರ್" ಅಂತ ಬರೆಯಬೇಡಿ. ಆ ಎರಡು ಪದ ಕಂಡರೆ ತಿದ್ದುವವರ ಕಣ್ಣು ಅಲ್ಲಿಗೇ ಮುಚ್ಚಿಹೋಗುತ್ತದೆ. ಹೀಗೆ ಬರೆಯಿರಿ: "ಎಣಿಕೆ ಪ್ರತಿ ಹೆಜ್ಜೆಗೆ ಹತ್ತು ಪಟ್ಟು ಇಳಿಯದೆ 3.7 ಮತ್ತು 1.9 ಪಟ್ಟು ಮಾತ್ರ ಇಳಿದಿದೆ. ಪ್ರತಿ ಪ್ಲೇಟ್‌ಗೆ ಸುಮಾರು 33 ಕಾಲನಿಗಳ ಸ್ಥಿರ ಹಿನ್ನೆಲೆ ಇದ್ದರೆ ಮೂರೂ ಎಣಿಕೆ ಹೊಂದುತ್ತವೆ. ಅದೇ ಸಲೈನ್ ಬಳಸಿದ ಇತರ ಗುಂಪುಗಳ 10⁻⁷ ಪ್ಲೇಟ್‌ಗಳಲ್ಲೂ 27 ಮತ್ತು 36 ಬಂದಿವೆ. ಸಲೈನ್ ಕಂಟ್ರೋಲ್ ಇಲ್ಲದ್ದರಿಂದ ಇದನ್ನು ನೇರವಾಗಿ ಖಚಿತಪಡಿಸಲಾಗಿಲ್ಲ. ತಿದ್ದಿದ ಅಂದಾಜು ಎಂಎಲ್‌ಗೆ 1.8 × 10⁸ ಸಿಎಫ್‌ಯು (ಕಾಲನಿಯಾಗಿ ಬೆಳೆಯಬಲ್ಲ ಕೋಶಗಳು)." ಏನು ಬರಬೇಕಿತ್ತು, ಏನು ಬಂತು, ಕಾರಣ ಏನಿರಬಹುದು, ಆ ಕಾರಣವನ್ನು ಯಾವುದು ಸುಳ್ಳಾಗಿಸಬಲ್ಲದು. ಅಂಕ ಇರುವುದು ಈ ನಾಲ್ಕನೆಯದರಲ್ಲಿ.

ನೀಲಿಟಿಪ್:

ಒಪ್ಪಿದೆ, ನನ್ನ ಊಹೆ ತಪ್ಪು. ಹೆಚ್ಚುವರಿ ಸ್ಥಿರವಾಗಿದೆ ಅನ್ನುವುದನ್ನು ನೋಡದೆ ಬರೆದೆ.

ಪ್ರೈಮರ್‌ಜೋಡಿ:

ಎರಡನೆಯ ಪ್ರಶ್ನೆಯೂ ಇದೇ ಕುಲದ್ದು. ಡಿಎನ್ಎ ಹಾಕದ ಟ್ಯೂಬ್ ಅಂದರೆ ಪಿಸಿಆರ್‌ನ ಸಲೈನ್ ಪ್ಲೇಟ್. ಆದರೆ ಅದರಲ್ಲಿ ಬ್ಯಾಂಡ್ ಬಂದ ತಕ್ಷಣ ಕಲಬೆರಕೆ ಅನ್ನಬೇಡಿ. ಬ್ಯಾಂಡ್ ಎಲ್ಲಿದೆ? ಲ್ಯಾಡರ್‌ನ (ಗೊತ್ತಿರುವ ಉದ್ದದ ತುಂಡುಗಳ ಅಳತೆಗೋಲು) 500ರ ಎದುರಿಗೋ, 100ಕ್ಕಿಂತ ಕೆಳಗೋ?

100ರ ಕೆಳಗೆ ಮಬ್ಬಾಗಿ ಹರಡಿಕೊಂಡಿದ್ದರೆ ಅದು ಪ್ರೈಮರ್ ಡೈಮರ್. ಎರಡು ಪ್ರೈಮರ್‌ಗಳ (ನಕಲು ಶುರುವಾಗಲು ಬೇಕಾದ ಚಿಕ್ಕ ಡಿಎನ್ಎ ತುಣುಕುಗಳ) ತುದಿ ಒಂದಕ್ಕೊಂದು ಅಂಟಿಕೊಂಡು, ನಕಲು ಮಾಡುವ ಎಂಜೈಮ್ ಪಾಲಿಮರೇಸ್ ಅದನ್ನೇ ನಕಲು ಮಾಡಿರುತ್ತದೆ. ಹಿಡಿದು ನಕಲು ಮಾಡಲು ಡಿಎನ್ಎ ಇಲ್ಲದ ಟ್ಯೂಬಲ್ಲಿ ಇದು ಇನ್ನೂ ಹೆಚ್ಚು ಕಾಣಿಸುವುದು ಸಹಜ. ಪರಿಹಾರ: ಪ್ರೈಮರ್ ಪ್ರಮಾಣ ಇಳಿಸಿ, ಅನೀಲಿಂಗ್ ತಾಪ (ಪ್ರೈಮರ್ ಅಂಟುವ ಹಂತದ್ದು) 2 ಡಿಗ್ರಿ ಏರಿಸಿ, ಟ್ಯೂಬ್‌ಗಳನ್ನು ಐಸ್ ಮೇಲೆ ಇಟ್ಟುಕೊಂಡು ಬೆರೆಸಿ, ಸಿಕ್ಕರೆ ಹಾಟ್ ಸ್ಟಾರ್ಟ್ ಎಂಜೈಮ್ (ಬಿಸಿಯಾದ ಮೇಲಷ್ಟೇ ಕೆಲಸ ಶುರುಮಾಡುವಂಥದ್ದು) ಬಳಸಿ. ಒಂದು ಶೇಕಡಾ ಜೆಲ್‌ನಲ್ಲಿ ಇಷ್ಟು ಚಿಕ್ಕ ತುಂಡು ಸ್ಪಷ್ಟವಾಗಿ ಕಾಣುವುದಿಲ್ಲ. 50 ಎಂಎಲ್ ಬಫರ್‌ಗೆ 1 ಗ್ರಾಂ ಅಗರೋಸ್ ಹಾಕಿ ಎರಡು ಶೇಕಡಾ ಮಾಡಿ ಓಡಿಸಿ. ಕರಗಿಸುವಾಗ ನೀರಲ್ಲ, ಬಫರ್. ನೀರಲ್ಲಿ ಮಾಡಿದ ಜೆಲ್‌ನಲ್ಲಿ ಅಯಾನುಗಳಿಲ್ಲದೆ ಡಿಎನ್ಎ ನೆಟ್ಟಗೆ ಓಡುವುದಿಲ್ಲ.

500ರ ಎದುರಿಗೇ ಇದ್ದರೆ ಆಗ ನಿಜವಾದ ಕಲಬೆರಕೆ. 30 ಸೈಕಲ್ ಪೂರ್ತಿ ದಕ್ಷತೆಯಲ್ಲಿ ನಡೆದರೆ ಒಂದು ತುಣುಕು 107 ಕೋಟಿಗಿಂತ ಹೆಚ್ಚಾಗುತ್ತದೆ, ಹಾಗಾಗಿ ಕಣ್ಣಿಗೆ ಕಾಣದ ತುಂತುರೂ ಸಾಕು. ನೀರು, ಮಾಸ್ಟರ್ ಮಿಕ್ಸ್ (ಎಂಜೈಮ್, ಬಫರ್ ಎಲ್ಲ ಬೆರೆಸಿಟ್ಟದ್ದು), ಪ್ರೈಮರ್, ಒಂದೊಂದನ್ನೇ ಹೊಸದಕ್ಕೆ ಬದಲಿಸಿ ಮತ್ತೆ ಓಡಿಸಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ತೊಂದರೆ ಹೋಗುತ್ತದೆ, ಕಾರಣ ಮಾತ್ರ ತಿಳಿಯುವುದಿಲ್ಲ.

25 ಮೈಕ್ರೋಲೀಟರ್ ರಿಯಾಕ್ಷನ್‌ಗೆ ಲೆಕ್ಕ: 2ಎಕ್ಸ್ ಮಾಸ್ಟರ್ ಮಿಕ್ಸ್ 12.5, 10 ಮೈಕ್ರೋಮೋಲಾರ್ ಪ್ರೈಮರ್ ಎರಡೂ ತಲಾ 1, ಡಿಎನ್ಎ 1, ನೀರು 9.5. ಪ್ರೈಮರ್‌ನ ಕೊನೆಯ ಸಾಂದ್ರತೆ 0.4 ಮೈಕ್ರೋಮೋಲಾರ್ ಆಗುತ್ತದೆ. ಡೈಮರ್ ಬರುತ್ತಿದ್ದರೆ ತಲಾ 0.5ಕ್ಕೆ ಇಳಿಸಿ, ನೀರು 10.5 ಮಾಡಿ. ಹತ್ತು ಟ್ಯೂಬಿಗೆ ಬೇಕಾದರೆ ಹನ್ನೊಂದರ ಲೆಕ್ಕದಲ್ಲಿ ಮಿಕ್ಸ್ ಮಾಡಿ. ಟಿಪ್‌ಗೆ ಅಂಟಿ ಹೋಗುವುದರಿಂದ ಹತ್ತಕ್ಕೇ ಮಾಡಿದರೆ ಕೊನೆಯ ಟ್ಯೂಬ್‌ಗೆ ಸಾಲುವುದಿಲ್ಲ. ಡಿಎನ್ಎ ಎಲ್ಲಕ್ಕಿಂತ ಕೊನೆಗೆ ಹಾಕಿ. ಕಂಟ್ರೋಲ್ ಟ್ಯೂಬಿನ ಮುಚ್ಚಳವನ್ನು ಅಲ್ಲಿಯವರೆಗೂ ತೆರೆದಿಟ್ಟು ಕಟ್ಟಕಡೆಗೆ ಮುಚ್ಚಿ. ಉಳಿದವು ಎದುರಿಸಿದ ಗಾಳಿಯನ್ನು ಅದೂ ಎದುರಿಸಿರಬೇಕಲ್ಲ.

ಅಗರ್‌ತಟ್ಟೆ:

100ರ ಕೆಳಗೆ, ಹರಡಿಕೊಂಡಿದೆ. ಹಾಗಾದರೆ ಡೈಮರ್. ಧನ್ಯವಾದ.

ಬಿಳಿಹಾಳೆ:

ಮೂರನೆಯದಕ್ಕೆ ನನ್ನ ಉತ್ತರ. ಮೂರು ಸಲ ಓದುವುದರಿಂದ ಪುಟದ ಪರಿಚಯವಾಗುತ್ತದೆ, ಪರಿಚಯವನ್ನೇ ತಿಳಿವಳಿಕೆ ಅಂದುಕೊಳ್ಳುತ್ತೇವೆ. ಮುನ್ನೂರು ಜನರ ತರಗತಿಯ ಬಹು ಆಯ್ಕೆ ಪ್ರಶ್ನೆಗಳು ಸಾಮಾನ್ಯವಾಗಿ ಒಂದು ಭಾಗವನ್ನು ಮುರಿದು ಉಳಿದದ್ದು ಏನಾಗುತ್ತದೆ ಅಂತ ಕೇಳುತ್ತವೆ. ಹಾಗಾಗಿ ಓದುವಾಗಲೇ ಮುರಿದು ನೋಡಬೇಕು.

ಉದಾಹರಣೆಗೆ ಮೈಟೊಕಾಂಡ್ರಿಯಾ. ಆಲಿಗೊಮೈಸಿನ್ ಹಾಕಿ ಎಟಿಪಿ ಸಿಂಥೇಸ್ ತಡೆದರೆ ಆಮ್ಲಜನಕದ ಬಳಕೆ ಏನಾಗುತ್ತದೆ? ಸಿಂಥೇಸ್ ಆಮ್ಲಜನಕ ಮುಟ್ಟುವುದೇ ಇಲ್ಲವಲ್ಲ, ಬದಲಾಗದು ಅಂತ ಹಲವರು ಗುರುತು ಹಾಕುತ್ತಾರೆ. ಬಳಕೆ ಇಳಿಯುತ್ತದೆ. ಪ್ರೋಟಾನುಗಳು ಒಳಗೆ ಮರಳುವ ದಾರಿ ಮುಚ್ಚಿದ್ದರಿಂದ ಗ್ರೇಡಿಯಂಟ್ (ಪೊರೆಯ ಎರಡು ಬದಿಯ ಪ್ರೋಟಾನ್ ವ್ಯತ್ಯಾಸ) ಏರಿ, ಅದರ ವಿರುದ್ಧ ಪಂಪ್ ಮಾಡುವುದು ಕಷ್ಟವಾಗಿ, ಎಲೆಕ್ಟ್ರಾನ್ ಸಾಗಣೆಯೇ ನಿಧಾನವಾಗುತ್ತದೆ. ಈಗ ಡೈನೈಟ್ರೋಫೀನಾಲ್ ಸೇರಿಸಿ. ಅದು ಪ್ರೋಟಾನುಗಳನ್ನು ಪೊರೆ ದಾಟಿಸುವುದರಿಂದ ಆಮ್ಲಜನಕದ ಬಳಕೆ ಮತ್ತೆ ಏರುತ್ತದೆ, ಎಟಿಪಿ ಮಾತ್ರ ಆಗುವುದಿಲ್ಲ. ಆಲಿಗೊಮೈಸಿನ್ ಬದಲು ಸಯನೈಡ್ ಹಾಕಿದ್ದರೆ? ಎಲೆಕ್ಟ್ರಾನ್ ಸಾಗಣೆಯ ಕೊನೆಯ ಕೊಂಡಿ ಕಾಂಪ್ಲೆಕ್ಸ್ 4 ಮುಚ್ಚಿದೆ, ಎಲೆಕ್ಟ್ರಾನ್ ಆಮ್ಲಜನಕಕ್ಕೆ ತಲುಪುವುದೇ ಇಲ್ಲ, ಡೈನೈಟ್ರೋಫೀನಾಲ್ ಸೇರಿಸಿಯೂ ಪ್ರಯೋಜನವಿಲ್ಲ. ಈ ಮೂರು ರಾಸಾಯನಿಕಗಳ ಗ್ರಾಫನ್ನು ನೋಡದೆ ಬರೆಯಬಲ್ಲಿರಾದರೆ ಆ ಅಧ್ಯಾಯ ಮುಗಿದಂತೆ.

ಮಾಡುವ ಬಗೆ: ಲೆಕ್ಚರ್ ಆದ ದಿನವೇ ಖಾಲಿ ಹಾಳೆಯಲ್ಲಿ ಪುಸ್ತಕ ಮುಚ್ಚಿ ಚಿತ್ರ ಬರೆಯಿರಿ, 20 ನಿಮಿಷ. ತಪ್ಪಿದ್ದನ್ನು ಬೇರೆ ಬಣ್ಣದಲ್ಲಿ ತಿದ್ದಿ. ಎರಡು ದಿನ ಬಿಟ್ಟು ಮತ್ತೆ, ವಾರ ಬಿಟ್ಟು ಮತ್ತೆ. ಪ್ರತಿ ಬಾಣದ ಮೇಲೆ ಬೆರಳಿಟ್ಟು "ಇದು ನಿಂತರೆ ಹಿಂದೆ ಏನು ರಾಶಿಬೀಳುತ್ತದೆ, ಮುಂದೆ ಏನು ಖಾಲಿಯಾಗುತ್ತದೆ" ಅಂತ ಕೇಳಿಕೊಳ್ಳಿ. ಗ್ಲೈಕಾಲಿಸಿಸ್‌ನ ಹತ್ತೂ ಹೆಜ್ಜೆಗಳಿಗೆ ಸಮಾನ ಶ್ರಮ ಬೇಡ: ಹಿಂತಿರುಗದ ಮೂರು ಹೆಜ್ಜೆಗಳ ಎಂಜೈಮ್‌ಗಳು (ಹೆಕ್ಸೊಕೈನೇಸ್, ಫಾಸ್ಫೊಫ್ರಕ್ಟೊಕೈನೇಸ್-1, ಪೈರುವೇಟ್ ಕೈನೇಸ್), ಎಟಿಪಿ ಖರ್ಚಾಗುವ ಮತ್ತು ಸಿಗುವ ಜಾಗ, ಆರು ಕಾರ್ಬನ್ ಮೂರು ಮೂರಾಗಿ ಒಡೆಯುವ ಜಾಗ, ಇಷ್ಟು ಗಟ್ಟಿಯಿರಲಿ. ಬಾಯಿಪಾಠವೇ ಬೇಕಾದದ್ದೂ ಇದೆ, 20 ಅಮೈನೋ ಆಮ್ಲಗಳ ಥರದ್ದು. ಅದಕ್ಕೆ ಫ್ಲ್ಯಾಶ್‌ಕಾರ್ಡ್ ಸಾಕು.

ಅಧ್ಯಾಪಕರ ಆಫೀಸ್ ಅವರ್ಸ್‌ಗೆ ಹೋಗುವಾಗ "ಅರ್ಥವಾಗಲಿಲ್ಲ" ಅಂತ ಹೋಗಬೇಡಿ. ತಪ್ಪಾದ ಪ್ರಶ್ನೆ, ನೀವು ಆರಿಸಿದ ಉತ್ತರ, ಆರಿಸಿದ ಕಾರಣ, ಮೂರನ್ನೂ ಬರೆದುಕೊಂಡು ಹೋಗಿ. ಹತ್ತು ನಿಮಿಷದಲ್ಲಿ ಮುಗಿಯುತ್ತದೆ.

ಹಿಂದಿನಬೆಂಚು:

ನಾಲ್ಕನೆಯದು. ಪತ್ರ 150 ಪದ ದಾಟದಿರಲಿ. ಅವರ ಇತ್ತೀಚಿನ ಒಂದು ಪ್ರಬಂಧ ಓದಿ, ಅದರ ಒಂದು ಚಿತ್ರದ ಬಗ್ಗೆ ಒಂದು ನಿಜವಾದ ಪ್ರಶ್ನೆ ಬರೆಯಿರಿ. "ನಿಮ್ಮ ಸಂಶೋಧನೆ ನನಗೆ ತುಂಬ ಆಸಕ್ತಿಕರ" ಅನ್ನುವ ಸಾಲು ಯಾರಿಗೂ ಕಳಿಸಬಹುದು, ಆದ್ದರಿಂದಲೇ ಅದಕ್ಕೆ ಬೆಲೆಯಿಲ್ಲ. ಮುಖ್ಯವಾಗಿ ಬಿಡುವಿನ ವೇಳೆ ಬರೆಯಿರಿ, ಅದೂ ಬಿಡಿ ಗಂಟೆಗಳಲ್ಲ. ಪಿಸಿಆರ್ ಇಟ್ಟು ಜೆಲ್ ಓಡಿಸಿ ಮುಗಿಸಲು ಅರ್ಧ ದಿನ ಹಿಡಿಯುತ್ತದೆ, ಹಾಗಾಗಿ ಎರಡು ತರಗತಿಗಳ ನಡುವಿನ ಒಂದು ಗಂಟೆ ಯಾರ ಉಪಯೋಗಕ್ಕೂ ಬರುವುದಿಲ್ಲ. ವಾರಕ್ಕೆ ನಾಲ್ಕು ಗಂಟೆಯ ಎರಡು ಖಾಲಿ ಅವಧಿ ಇದ್ದರೆ ಅದನ್ನೇ ದಿನ, ಸಮಯದ ಸಮೇತ ಬರೆಯಿರಿ. ಉತ್ತರ ಬರದಿದ್ದರೆ ಹತ್ತು ದಿನ ಬಿಟ್ಟು ಒಮ್ಮೆ ನೆನಪಿಸಿ, ಅಷ್ಟೇ. ಪ್ರೊಫೆಸರ್‌ಗಿಂತ ಅವರ ಪಿಎಚ್‌ಡಿ ವಿದ್ಯಾರ್ಥಿಗಳು ಬೇಗ ಉತ್ತರಿಸುವುದುಂಟು, ನಿಮಗೆ ನಿತ್ಯ ಕೆಲಸ ಕಲಿಸುವವರೂ ಅವರೇ.

ಶುರುವಿನಲ್ಲಿ ಸಿಗುವುದು ಮೀಡಿಯಾ ಮಾಡುವುದು, ಪ್ಲೇಟ್ ಸುರಿಯುವುದು, ಆಟೊಕ್ಲೇವ್ (ಒತ್ತಡದ ಹಬೆಯಲ್ಲಿ ಸೂಕ್ಷ್ಮಜೀವಿ ಕೊಲ್ಲುವುದು). ಬೇಸರಪಡಬೇಡಿ. ಈ ಥ್ರೆಡ್‌ನ ಮೊದಲ ಪ್ರಶ್ನೆಯೇ ಕೆಟ್ಟ ಸಲೈನ್‌ನದು ಅಲ್ಲವೇ?

ಅಗರ್‌ತಟ್ಟೆ:

ಮುಂದಿನ ವಾರ ಮರುಪ್ರಯೋಗಕ್ಕೆ ಟಿಎ ಒಪ್ಪಿದ್ದಾರೆ. ಸಲೈನ್ ನಾವೇ ಮಾಡಿಕೊಳ್ಳಬೇಕಂತೆ. 0.85 ಶೇಕಡಾ, 500 ಎಂಎಲ್. 4.25 ಗ್ರಾಂ ಉಪ್ಪು ಸರಿ ತಾನೆ? ಟ್ಯೂಬ್‌ಗಳಿಗೆ ಮೊದಲೇ 900 ಮೈಕ್ರೋಲೀಟರ್ ಹಾಕಿ ಒಟ್ಟಿಗೆ ಆಟೊಕ್ಲೇವ್ ಮಾಡಬಹುದಾ?

ಶೂನ್ಯಪ್ಲೇಟ್:

4.25 ಗ್ರಾಂ ಸರಿ. ಮೊದಲು 400 ಎಂಎಲ್ ನೀರಲ್ಲಿ ಕರಗಿಸಿ, ಆಮೇಲೆ ಅಳತೆಯ ಸಿಲಿಂಡರ್‌ನಲ್ಲಿ 500ಕ್ಕೆ ತುಂಬಿಸಿ. 500 ಎಂಎಲ್ ನೀರಿಗೇ ಉಪ್ಪು ಸುರಿಯುವುದು ಕೆಟ್ಟ ಅಭ್ಯಾಸ. ಇಷ್ಟು ತೆಳು ದ್ರಾವಣದಲ್ಲಿ ವ್ಯತ್ಯಾಸ ಕಾಣದು, ದಟ್ಟ ಸ್ಟಾಕ್ ಮಾಡುವಾಗ ಕಾಣುತ್ತದೆ.

ಟ್ಯೂಬ್‌ಗೆ ಮೊದಲೇ ಹಾಕಬೇಡಿ. ಆಟೊಕ್ಲೇವ್‌ನಲ್ಲಿ ಒಂದಷ್ಟು ಆವಿಯಾಗುತ್ತದೆ. 900ರಲ್ಲಿ 100 ಹೋಗಿ 800 ಉಳಿದರೆ ಪ್ರತಿ ಹೆಜ್ಜೆ ಹತ್ತರಲ್ಲಿ ಒಂದರ ಬದಲು ಒಂಬತ್ತರಲ್ಲಿ ಒಂದು. ಏಳು ಹೆಜ್ಜೆ ಮುಗಿಯುವಾಗ ತಪ್ಪು ಎರಡು ಪಟ್ಟು ದಾಟಿರುತ್ತದೆ. ಬಾಟಲಿಯಲ್ಲೇ 121 ಡಿಗ್ರಿಯಲ್ಲಿ 20 ನಿಮಿಷ ಇಡಿ. ಬಾಟಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ತುಂಬಿರಬಾರದು, ಮುಚ್ಚಳ ಸಡಿಲವಾಗಿರಲಿ. ತಣ್ಣಗಾದ ಮೇಲೆ ಖಾಲಿಯಾಗಿಯೇ ಆಟೊಕ್ಲೇವ್ ಮಾಡಿಟ್ಟ ಟ್ಯೂಬ್‌ಗಳಿಗೆ ಹೊಸ ಟಿಪ್ಪಿನಿಂದ 900 ಹಾಕಿ. ಎಂಟನೆಯ ಟ್ಯೂಬ್ ಒಂದಕ್ಕೂ ಹಾಕಿ, ಅದಕ್ಕೆ ಬೇರೇನನ್ನೂ ಸೇರಿಸದೆ ಕೊನೆಯಲ್ಲಿ ಅದರಿಂದ 100 ಮೈಕ್ರೋಲೀಟರ್ ಪ್ಲೇಟ್ ಮಾಡಿ.